ಭೈರನನ್ನು ಬೋನಿಗೆ ಹಾಕದ ಎರಡು ವಾರ

ಕೀಲ್ಪಾಕಿನ ಬಾಡಿಗೆ ಮನೆಗೆ ಬಂದ ಒಂಬತ್ತನೇ ದಿನ ಸಂಜೆ ಮೆಟ್ಟಿಲು ಹತ್ತಿ ಬಂದರೆ, ನಮ್ಮ ಬಾಗಿಲಿಗೆ ಅಡ್ಡವಾಗಿ ಒಂದು ಕಬ್ಬಿಣದ ಬೋನು ಕೂತಿತ್ತು. ಪಕ್ಕದಲ್ಲಿ ಮನೆ ಮಾಲೀಕರು. ಹಿಂದೆ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದವರು. ಅವರ ಕನ್ನಡ ತಮಿಳನ್ನು ಕಂಕುಳಲ್ಲಿ ಇಟ್ಟುಕೊಂಡೇ ಬರುತ್ತಿತ್ತು.

"ನೀವಿಬ್ಬರೂ ಹೋದ್ರೆ ನಿಮ್ಮ ನಾಯಿ ದಿನವಿಡೀ ಊಳಿಡತ್ತಮ್ಮಾ. ಇನ್ಮೇಲೆ ಇದರೊಳಗೆ ಇರ್ಲಿ. ಇಲ್ಲಾಂದ್ರೆ ಬೇರೆ ವೀಡು ಪಾರುಂಗೋ."

ವೀಡು ಎಂದರೆ ಮನೆ, ಪಾರುಂಗೋ ಎಂದರೆ ನೋಡಿಕೊಳ್ಳಿ ಎಂದು ಅಷ್ಟರಲ್ಲಿ ಕಲಿತಿದ್ದೆ. ಈ ವೀಡಿಗಾಗಿ ಹನ್ನೊಂದು ಕಡೆ ಅಲೆದಿದ್ದೆ.

ಮೊದಲು ನಾವಿದ್ದ ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಭೈರನಿಗೆ ಬಾಗಿಲೆಂಬುದೇ ಇರಲಿಲ್ಲ. ಇಡೀ ಸಾಲುಮನೆಯವರು ಅವನನ್ನು ನೋಡಿಕೊಳ್ಳುತ್ತಿದ್ದರು. ಇಲ್ಲಿ ನಮ್ಮ ಯಜಮಾನರು ಆಫೀಸಿಗೆ, ನಾನು ಪುರಸೈವಾಕ್ಕಂ ಪೇಟೆಯಲ್ಲಿ ಬೆಡ್‌ಶೀಟು ಸಗಟಾಗಿ ಕೊಂಡು ಮನೆಮನೆಗೆ ಮಾರಲು ಹೊರಟರೆ, ಅವನಿಗೆ ನಾಲ್ಕು ಗೋಡೆ.

ಚೌಕಾಸಿಯೊಂದೇ ನಾನು ಕಲಿತ ವಿದ್ಯೆ. ಬೋನು ಬೇಡ ಎನ್ನಲಿಲ್ಲ. "ಒಂದು ತಿಂಗಳು ಕೊಡಿ ಸಾರ್. ಆಮೇಲೂ ಕೂಗಿದ್ರೆ ನಾನೇ ಒಳಗೆ ಕೂರಿಸ್ತೀನಿ."

"ಎರಡು ವಾರ."

ನನಗೆ ಬೇಕಿದ್ದುದೂ ಅಷ್ಟೇ.

ನಾಯಿ ಕಟ್ಟಿಕೊಂಡು ಊರು ಬಿಡುವವರು ಕೇಳಿ. ಹೊರಡುವ ಮೊದಲು ಅದರ ಕಾಲು ಸೋಲುವಷ್ಟು ನಡೆಸಿ. ಇಡೀ ಮನೆ ಬಿಡಬೇಡಿ; ನಾನು ಅಡುಗೆಮನೆಗೆ ಹಲಗೆ ಅಡ್ಡಕೊಟ್ಟು ನಡುಮನೆ ಮಾತ್ರ ಬಿಟ್ಟೆ. ಉಟ್ಟು ಬಿಟ್ಟ ಸೀರೆ ಹಾಸಿ, ಒಗೆಯಬೇಡಿ. ಹಳೇ ಡಬರಿಯ ತಳಕ್ಕೆ ರಾಗಿಮುದ್ದೆ ಒತ್ತಿಟ್ಟರೆ ನೆಕ್ಕುತ್ತಾ ಕೂರುತ್ತದೆ. ಚೀಲ ಹಿಡಿದು ಐದು ನಿಮಿಷ ಹೋಗಿ ಬನ್ನಿ, ಆಮೇಲೆ ಹತ್ತು.

ಇಷ್ಟೆಲ್ಲ ಮಾಡಿಯೂ ಗಡುವಿನ ಹತ್ತನೇ ದಿನ ಭೈರ ಊಳಿಡುತ್ತಲೇ ಇದ್ದ. ಮೆಟ್ಟಿಲ ಕೆಳಗೆ ಇಸ್ತ್ರಿ ಹಾಕುವ ಸೆಲ್ವಿ ನನ್ನನ್ನು ತಡೆದಳು.

"ಅಕ್ಕಾ, ನೀಂಗ ಸೊಲ್ಲಿಟ್ಟು ಪೋರದಾಲದಾನ್ ಅದು ಅಳುದು."

ನಾನು ಹೇಳಿ ಹೋಗುವುದರಿಂದಲೇ ಅದು ಅಳುವುದಂತೆ. ನಿಜ, ಹೊಸಿಲಲ್ಲಿ ನಿಂತು ತಲೆ ಸವರಿ "ಹೋಗಿ ಬರ್ತೀನಿ ಕಣೋ" ಅನ್ನದೆ ನಾನು ಹೊರಟದ್ದೇ ಇಲ್ಲ. ಹೇಳದೆ ಮನೆ ಬಿಡುವುದುಂಟೇ ಎಂದು ಹರಕು ತಮಿಳಲ್ಲಿ ಕೇಳಿದೆ.

"ಅದು ಎನ್ನ, ಉಂಗ ಮಾಮಿಯಾರಾ?" ನಿಮ್ಮ ಅತ್ತೆಯೇನು, ಕೋಪಿಸಿಕೊಳ್ಳಲು, ಎಂದು ಸೆಲ್ವಿ ನಕ್ಕಳು.

ಮರುದಿನದಿಂದ ಬಾಯಿ ಹೊಲಿದುಕೊಂಡು ಹೊರಟೆ. ಬಂದಾಗಲೂ ಅವನ ಕುಣಿತ ತಣಿಯುವವರೆಗೆ ಮಾತಿಲ್ಲ. ಊಳು ದಿನದಿಂದ ದಿನಕ್ಕೆ ಇಳಿದು ನಿಂತೇ ಹೋಯಿತು. ಗಡುವಿನ ದಿನ ಮಾಲೀಕರೇ ಬೋನನ್ನು ಕೆಳಗಿಳಿಸಿದರು. ಮನೆ ಉಳಿಯಿತು, ನಾಯಿಯೂ ಉಳಿಯಿತು. ಸಂತೋಷಪಡುವಷ್ಟು ಕಸುವು ನನ್ನಲ್ಲಿ ಉಳಿದಿರಲಿಲ್ಲ.

ಕೆಲವು ತಿಂಗಳ ಮೇಲೆ ಭೈರನನ್ನು ಯಜಮಾನರಿಗೆ ಒಪ್ಪಿಸಿ, ಅರಸೀಕೆರೆಯ ಅಕ್ಕನ ಮನೆಯಲ್ಲಿ ಮೂರು ದಿನ ಇದ್ದು ಬಂದೆ. ವಾಪಸ್ ಬಂದು ಬಾಗಿಲು ತೆಗೆಯುತ್ತಿದ್ದಂತೆ ಅಕ್ಕನ ಫೋನು.

"ನಾನು ಹಿತ್ತಿಲಲ್ಲಿ ಬಟ್ಟೆ ಹರವ್ತಿದ್ದೆ. ನೀನು ಹೇಳದೇ ಹೋದ್ಯಲ್ಲೇ."

"ನೀನು ಅಳ್ತೀಯ ಅಂತ, ಅಕ್ಕ."

"ಅತ್ಕೋತೀನಿ. ಅದು ನನ್ನ ಪಾಡು. ನೀನು ಹೇಳಿ ಹೋಗ್ಬೇಕಿತ್ತು."

ಫೋನಿಟ್ಟು ತಿರುಗಿದೆ. ಭೈರ ಸೀರೆಯ ಮೇಲಿಂದ ಏಳಲೂ ಇಲ್ಲ. ಬಾಲವನ್ನು ಎರಡು ಸಲ ನೆಲಕ್ಕೆ ಬಡಿದು ಮತ್ತೆ ಕಣ್ಣು ಮುಚ್ಚಿದ. ಅಲ್ಲಿಂದ ಹೇಳದೆ ಬಂದವಳು, ಇಲ್ಲಿ ಬಂದೆ ಎಂದೂ ಹೇಳದೆ ಹೆಗಲ ಚೀಲ ಕೆಳಗಿಟ್ಟೆ.