ಒಣಮೀನಿನ ಊರಿನಲ್ಲಿ ಆಡಿದ ಸುಳ್ಳು

ಸುಜಾತಾ, ನಿನ್ನ ಅಪ್ಪ ಮೀನುಗಾರರಲ್ಲ ಎಂದು ನಿನ್ನ ಎದುರಿಗೇ ಸುಳ್ಳು ಹೇಳಿದವನು ನಾನು. ಬಾಯಿತಪ್ಪಿ ಬಂದ ಮಾತಲ್ಲ ಅದು — ಬೇಕೆಂದೇ ಹೇಳಿದೆ.

ಆಗ ನಾವು ನೈರೋಬಿಗೆ ಬಂದ ಹೊಸತು. ಔಷಧಿ ಕಂಪನಿಯಲ್ಲಿ ಮೀನೆಣ್ಣೆ ಮಾತ್ರೆಯ ವಿಭಾಗ ನನ್ನದು. ಎಣ್ಣೆ ಕಳಿಸುವ ನಾರ್ವೆಯವರು ನಮ್ಮಿಬ್ಬರನ್ನೂ ನನ್ನ ಮೇಲಧಿಕಾರಿ ರಾವ್ ದಂಪತಿಯನ್ನೂ ತಮ್ಮ ಊರು ನೋಡಲು ಕರೆದಿದ್ದರು. ಬೆಟ್ಟಗಳ ನಡುವೆ ಕಡಲು ಒಳನುಗ್ಗಿದ ಫ್ಯೋರ್ಡ್, ದಡದಲ್ಲಿ ಕೆಂಪು ಮರದ ಮನೆಗಳು, ಮನೆಗಿಂತ ಎತ್ತರದ ಅಟ್ಟಣಿಗೆಗಳಲ್ಲಿ ಬಾಲ ಕಟ್ಟಿ ಒಣಹಾಕಿದ ಮೀನು. ನಾನು ಮೂಗಿಗೆ ಕರವಸ್ತ್ರ ಹಿಡಿದೆ. ನೀನು ಉಸಿರು ಎಳೆದುಕೊಂಡು, "ನಮ್ಮ ಮಲ್ಪೆಯದ್ದೇ ವಾಸನೆ ಮಾರಾಯ್ರೆ," ಎಂದೆ. ಮದುವೆಯಾದ ಮೇಲೆ ನೀನು ಅಷ್ಟು ಹಗುರಾಗಿ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ದೋಣಿ ನಿಲ್ಲುವ ದಕ್ಕೆಯಲ್ಲಿ ಮೀನು ಸೀಳುತ್ತಿದ್ದ ಮುದುಕಿ ತಮಾಷೆಗೆ ಚೂರಿಯನ್ನು ನಿನ್ನ ಕೈಗೆ ಕೊಟ್ಟಳು. ನೀನು ಕೋಟಿನ ತೋಳು ಮಡಚಿ ಸೀಳಿಯೇಬಿಟ್ಟೆ. ಯಾರು ಕಲಿಸಿದರು ಎಂದು ಅವಳು ಇಂಗ್ಲಿಷಿನಲ್ಲಿ ಕೇಳಿದಳು. "ಮೈ ಫಾದರ್. ಫಿಶರ್‌ಮನ್," ಎಂದೆ — ಎಷ್ಟು ಹೆಮ್ಮೆಯಿತ್ತು ನಿನ್ನ ದನಿಯಲ್ಲಿ.

ರಾವ್ ಅವರ ಹೆಂಡತಿ ನನ್ನ ಕಡೆ ತಿರುಗಿದರು. "ಹೌದೇನ್ರೀ? ನೀವು ಹೇಳೇ ಇರ್ಲಿಲ್ಲ."

ಹಬ್ಬಕ್ಕೆಲ್ಲ ಅವರ ಮನೆಯಲ್ಲೇ ನಮ್ಮ ಊಟ. ಅಡುಗೆಮನೆಯವರೆಗೂ ಸಲಿಗೆ. ಮೀನುಗಾರರ ಮನೆಯ ಹುಡುಗಿ ಎಂದು ಗೊತ್ತಾಗಿ ಅದು ತಪ್ಪಿಹೋದರೆ — ಪ್ರಮೋಷನ್ ಬೇರೆ — ಏನೇನೋ ಲೆಕ್ಕ.

"ಇಲ್ಲ ಮೇಡಂ, ತಮಾಷೆ ಮಾಡ್ತಾಳೆ. ಅವರ ತಂದೆಯವರದು ಎಕ್ಸ್‌ಪೋರ್ಟ್ ಬಿಸಿನೆಸ್ಸು."

ನೀನು ಚೂರಿ ಕೆಳಗಿಟ್ಟೆ. ಆ ಕೊರೆಯುವ ನೀರಿನಲ್ಲಿ ಎಷ್ಟೋ ಹೊತ್ತು ಕೈ ತೊಳೆದೆ. ಹೋಟೆಲಿಗೆ ಬಂದ ಮೇಲೆ ಆಡಿದ್ದು ಇಷ್ಟೇ: "ಅಪ್ಪನಿಗೆ ಇದನ್ನೆಲ್ಲ ಹೇಳ್ಬೇಕು ಅಂತ ಇದ್ದೆ. ಇನ್ನು ಹೇಳುದಿಲ್ಲ."

ನೈರೋಬಿಯ ಪಂಗಾನಿ ಬಡಾವಣೆಯ ನಮ್ಮ ಮನೆಗೆ ಮರಳಿದ ಮೇಲೆ, ಕಾಲಿಂಗ್ ಕಾರ್ಡ್ ಗೀರಿ ಊರಿಗೆ ಫೋನ್ ಮಾಡುವಾಗೆಲ್ಲ ನೀನು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಳ್ಳತೊಡಗಿದೆ. ಬೀದಿಯ ಮಟಾಟು ವ್ಯಾನುಗಳ ಹಾರನ್ನಿನಲ್ಲಿ ನಿನ್ನ ತುಳು ಒಳಗೆ ಕೇಳಿಸುತ್ತಿರಲಿಲ್ಲ. ಒಳಗೇ ಕೂತು ಮಾತಾಡು ಎನ್ನದೆ ನಾನು ನಡುಮನೆಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದೆ.

ಇನ್ನೊಂದಿದೆ, ಅದು ನಿನಗೆ ಗೊತ್ತಿಲ್ಲ. ಮಾವ ಒಮ್ಮೆ ನನಗೇ ಫೋನ್ ಮಾಡಿ, ಮಗಳ ಮನೆ ನೋಡಲು ಬರಲೇ ಎಂದು ಕೇಳಿದ್ದರು. ನನಗೆ ರಜೆ ಸಿಗುವುದಿಲ್ಲ ಎಂದೆ. ಆಗಲಿ ಎಂದರು, ಮತ್ತೆ ಕೇಳಲಿಲ್ಲ. ಮೀನೆಣ್ಣೆ ಮಾರಿ ಉಣ್ಣುವವನಿಗೆ ಮೀನು ಹಿಡಿಯುವ ಮಾವನೆಂದರೆ ನಾಚಿಕೆಯಾಗಿತ್ತು.

ಈಗ ಮಾವ ಇಲ್ಲ. ಈ ಭಾನುವಾರ ರಾವ್ ಅವರು ಮತ್ತೆ ಊಟಕ್ಕೆ ಕರೆದಿದ್ದಾರೆ. ಕೈ ತೊಳೆದು ಕೂರುವ ಮೊದಲೇ, ಅವತ್ತು ಸುಜಾತಾ ಹೇಳಿದ್ದೇ ನಿಜ, ಸುಳ್ಳು ಹೇಳಿದವನು ನಾನು ಎಂದು ಎಲ್ಲರೆದುರು ಹೇಳುತ್ತೇನೆ. ಆಮೇಲೆ ಅವರು ಊಟಕ್ಕೆ ಕೂರಿಸಲಿ, ಬಿಡಲಿ. ನಿನ್ನ ಅಪ್ಪನನ್ನು ಕರೆತಂದು ನನ್ನ ಪಕ್ಕದಲ್ಲಿ ಕೂರಿಸುವ ಕಾಲ ಮಾತ್ರ ನನ್ನಿಂದಲೇ ಮುಗಿದುಹೋಯಿತು.