ಸಾತಲಿಂಗಪ್ಪ ಮಿಸ್ತ್ರಿಯವರು ಮಾತು ಕೊಡುವುದಿಲ್ಲ

“ಪೂಜಾಕ್ಕಿಟ್ಟ ಪಾನಾಕ್ಕ ಕೈ ಹಚ್ಚಿದ್ಯೋ, ಕೈ ಮುರದು ಕೊಡ್ತೀನಿ, ನಿಂಗ್ಯಾ!”

“ಮುರಿಯಪ್ಪಾ, ಮುರಿ. ಆಮ್ಯಾಲ ಗೋರಾ ಸಾಹೇಬ ಬಂದು ಇಬ್ಬರದೂ ಚರ್ಮಾ ಸುಲೀತಾನ. ನೀ ಈಬತ್ತಿ ಹಚ್ಚಿದಿ ಅಂತ ಲಡಾಯಿ ನಿಂತೈತೇನು?”

“ವರ್ಷಕ್ಕ ಒಂದ ದಿನಾ ಲೇ! ಒಂದ ದಿನಾ ಕಬ್ಬಿಣಾ ಮಲಗ್ಲಿ ಬಿಡು!”

ಅಭಿನಂದನ ಗ್ರಂಥದ ಲೇಖನ ಬೈಗುಳದಿಂದ ಶುರುವಾಗಬಾರದೆಂದು ಸಮಿತಿಯ ಹಿರಿಯರು ಮುಖ ಗಂಟಿಕ್ಕಿದರು. ಗಂಟಿಕ್ಕಲಿ. ಹದಿನಾರು ವರ್ಷಗಳ ಹಿಂದೆ, ಸರಹದ್ದಿನ ವಿಮಾನತಾಣದಲ್ಲಿ, ನಟ್ಟು ತಿರುಗಿಸುವ ಒಂದು ಪಾನಾದ ಸಲುವಾಗಿ, ಮಿಸ್ತ್ರಿಯವರ ಬಾಯಿಂದ ಬಂದದ್ದು ಹೀಗೆಯೇ.

ಸೊಲ್ಲಾಪುರ-ಅಕ್ಕಲಕೋಟೆಗಳ ನಡುವೆ ಓಡುವ ಸರ್ವಿಸ್ ಮೋಟಾರುಗಳ ಕಾರಖಾನೆಯಿಂದ ಈ ೧೯೩೮ರಲ್ಲಿ ನಿವೃತ್ತರಾಗುತ್ತಿರುವ ತಡವಳದ ಸಾತಲಿಂಗಪ್ಪನವರು ಈ ಸೀಮೆಯಲ್ಲಿ ಇಂಜಿನ್ನಿನ ವಿದ್ಯೆಗೆ ಗುರುಸ್ಥಾನದಲ್ಲಿ ನಿಂತವರು. ಇಲ್ಲಿ ಮೋಟಾರು ಬಿಚ್ಚಿ ಕೂಡಿಸಬಲ್ಲ ಕೈಗಳೆಲ್ಲ ಅವರಿಂದ ಬೈಸಿಕೊಂಡೇ ಕಲಿತ ಕೈಗಳು. ಅವರಿಂದ ಉಪಕಾರ ಪಡೆಯದ ಮನೆ ಈ ರಸ್ತೆಯುದ್ದಕ್ಕೂ ವಿರಳ. ಭರವಸೆಯ ಮಾತು ಪಡೆದ ಮನೆ ಒಂದೂ ಇಲ್ಲ. ಹೆರಿಗೆನೋವಿನ ಗುರಮ್ಮನನ್ನು ಒಯ್ಯುತ್ತಿದ್ದ ಮೋಟಾರು ಊರ ಹೊರಗೆ ಕೆಟ್ಟು ನಿಂತಾಗ, “ನಡೀತೈತೇನ್ರಿ ಮಿಸ್ತ್ರಿ, ಒಂದ ಮಾತು ಹೇಳ್ರಿ” ಎಂದು ಅವಳ ಗಂಡ ಕಾಲು ಹಿಡಿದ. “ಮಾತು ಕೇಳಬ್ಯಾಡ, ಸರಿ ಅತ್ಲಾಗ!” ಎಂದು ಗದರಿ, ಕಾದ ಕಬ್ಬಿಣಕ್ಕೆ ಅಂಗೈ ಸುಟ್ಟುಕೊಂಡು ಮೋಟಾರು ನಡೆಸಿಯೇ ಬಿಟ್ಟರು. ಇವರನ್ನು ಒರಟರೆನ್ನುವವರು, ಇವರು ಕೊಟ್ಟ ಕಡೆಯ ಮಾತು ಏನಾಯಿತೆಂದು ತಿಳಿಯಬೇಕು.

ಆಗ ವಾಯವ್ಯ ಸರಹದ್ದಿನ ವಜೀರಿಸ್ತಾನದಲ್ಲಿ ಪಠಾಣರ ಮೇಲೆ ಬ್ರಿಟಿಷರ ಯುದ್ಧ. ಮೈಂದರ್ಗಿಯ ನಿಂಗಣ್ಣನೂ ಸಾತಲಿಂಗಪ್ಪನವರೂ ಒಂದೇ ಗಿರಣಿಯಿಂದ ಭರ್ತಿಯಾಗಿ ಹೋದ ಫಿಟ್ಟರುಗಳು. ತಾಣಕ್ಕೆ ನೀರು ಹೊರುವ ಭಿಸ್ತಿ ಮೀರಬಾಜ ಗುಡ್ಡದ ಪಠಾಣ. ಬಾಂಬು ಬೀಳುತ್ತದೆ, ಊರು ಬಿಡಿ ಎಂದು ಅವನ ಹಳ್ಳಿಯ ಮೇಲೆ ಚೀಟಿ ಚೆಲ್ಲಿದ್ದರು. ಅಲ್ಲಿ ಅವನ ತಾಯಿ, ನಡೆಯಲಾರದ ಮುದುಕಿ, ಒಬ್ಬಳೇ ಇದ್ದಳು. ಹೊತ್ತು ತರಲು ರಜೆ ಕೇಳಿದರೆ ದಸರೆ ಕಳೆದ ಮೇಲೆ ಎಂದರು. ಇಂದೇ ಓಡಿಹೋಗಲೇ ಎಂದು ಅವನು ಸಾತಲಿಂಗಪ್ಪನವರನ್ನು ಕೇಳಿದ. ತಾಣದಲ್ಲಿ ಹಾರಬಲ್ಲ ವಿಮಾನ ಉಳಿದದ್ದು ಒಂದೇ; ಅದರ ಇಂಜಿನ್ನು ಇವರ ಮುಂದೆ ಬಿಚ್ಚಿ ಬಿದ್ದಿತ್ತು.

“ಕಲ್ ಖಂಡೇನವಮಿ ಹೈ, ಭಾಯಿ. ನೈ ಉಡೇಗಾ. ಮೇರಿ ಜಬಾನ್ ಹೈ.”

ನಾಳೆ ಹತಿಯಾರಗಳಿಗೆ ಪೂಜೆ, ಯಾರೂ ಮುಟ್ಟುವುದಿಲ್ಲ, ವಿಮಾನ ಏಳುವುದಿಲ್ಲ, ಇದು ನನ್ನ ಮಾತು ಎಂದರು. ತಡವಳದಲ್ಲಿ ಆ ದಿನ ನೇಗಿಲನ್ನಾಗಲಿ ಕುಡುಗೋಲನ್ನಾಗಲಿ ಯಾರೂ ಕದಲಿಸಿದ್ದನ್ನು ಅವರು ಕಂಡಿರಲಿಲ್ಲ. ಯುದ್ಧವೂ ಹಾಗೆಯೇ ನಿಂತೀತೆಂದು ನಂಬಿದರು. ಮೀರಬಾಜ ಅವರನ್ನು ನಂಬಿದ; ಓಡಿಹೋಗದೆ ಉಳಿದ.

ನವಮಿಯ ಬೆಳಿಗ್ಗೆ ಗೋರಾ ಸಾರ್ಜಂಟನ ಹುಕುಂ ಬಂತು: ಮಧ್ಯಾಹ್ನಕ್ಕೆ ವಿಮಾನ ಏಳಬೇಕು. ಸಾತಲಿಂಗಪ್ಪನವರು ಪೂಜೆಗಿಟ್ಟ ಹತಿಯಾರಗಳಿಗೆ ಅಡ್ಡವಾಗಿ ನಿಂತರು. ಮೇಲಿನ ಬೈಗುಳ ಆಗಿನದು. ನಿಂಗಣ್ಣ ಕೈ ಚಾಚಿ ಪಾನಾ ಎತ್ತಿಕೊಂಡು, ಅದರ ಮೇಲಿನ ವಿಭೂತಿಯನ್ನು ಚೊಣ್ಣಕ್ಕೆ ಒರೆಸಿದ.

“ನೀ ದೇವರಿಗೆ ಅಂಜಿಲ್ಲೋ ಸಾತಲಿಂಗ. ಆ ಪಠಾಣನ ಮುದುಕಿ ಸಲುವಾಗಿ ಕುಣ್ಯಾಕತ್ತಿ.”

“ಹೌದಲೇ, ಹೌದು! ನಿಮ್ಮವ್ವ ಅಲ್ಲಿ ಕುಂತಿದ್ರ ಎತ್ತತಿದ್ಯೇನು ಪಾನಾ?”

ಎಂದವರೇ ಅವನ ಮೇಲೆ ಬಿದ್ದರು. ಪಹರೆಯವರು ಬಿಡಿಸಿ, ದರದರ ಎಳೆದೊಯ್ದು ಕೋಣೆಯಲ್ಲಿ ಕೂಡಿಹಾಕಿದರು. ಮಧ್ಯಾಹ್ನ ನಿಂಗಣ್ಣ ಕೂಡಿಸಿದ ಇಂಜಿನ್ನು ಮೊರೆಯಿತು. ವಿಮಾನ ಗುಡ್ಡದತ್ತ ಭಾರವಾಗಿ ಹೋಗಿ ಹಗುರವಾಗಿ ಮರಳಿತು.

“ಹೊಗಳಾಕ ಬಂದೀರೇನು? ಮೀರಬಾಜನ್ನ ಬರೀರಿ, ಇಲ್ಲಂದ್ರ ನನ್ನ ಹೆಸರೂ ತಗೀರಿ!” ಎಂದು ಸಮಿತಿಯವರ ಮೇಲೆ ಮೊನ್ನೆಯೂ ಹರಿಹಾಯ್ದ ಈ ಹಿರಿಯರ ಸಿಟ್ಟು ಆರದಿರಲಿ, ಇನ್ನೊಂದು ತಲೆಮಾರನ್ನು ಬೈದು ತಿದ್ದುವಷ್ಟು ಆಯುಷ್ಯವನ್ನೂ ಕಸುವನ್ನೂ ಸೊನ್ನಲಿಗೆಯ ಸಿದ್ಧರಾಮ ಅವರಿಗೆ ಕೊಡಲಿ. ಅವರ ಅಪ್ಪಣೆಯಂತೆ ಮೀರಬಾಜನನ್ನೂ ಬರೆಯಬೇಕು.

ನವಮಿಯ ಆ ಸಂಜೆ ಅವನು ಕೋಣೆಯ ಸರಳುಗಳ ಬಳಿ ಬಂದ. “ಮೀರಬಾಜ,” ಎಂದರು ಸಾತಲಿಂಗಪ್ಪನವರು. ಅವನು ಬೈಯಲಿಲ್ಲ. ಬೊಗಸೆ ಚಾಚಲು ಸನ್ನೆ ಮಾಡಿ, ಅವರು ಸಾಕೆನ್ನುವ ತನಕ ನೀರು ಹೊಯ್ದ. ಆಮೇಲೆ ತೊಗಲಿನ ಚೀಲದ ಬಾಯಿ ಬಿಗಿದು, ಗೋಡೆಗೆ ಒರಗಿಸಿಟ್ಟು, ತಾಣದ ಬಾಗಿಲು ದಾಟಿ ಗುಡ್ಡದ ಕಡೆ ನಡೆದ. ಮತ್ತೆ ಬರಲಿಲ್ಲ.