ಬಸ್ಸಿಗೆ ಕಾಯುವ ಕಟ್ಟೆ

ಮನೆಗೆ ಬಂದ ನೆಂಟರಿಗೆ ಊರು ತೋರಿಸುವ ಚಟ ನನಗೆ. ದೇವರಿಲ್ಲದ ಹಳೇ ಗುಡಿ, ಮೆಟ್ಟಿಲಿದ್ದೂ ನೀರಿಲ್ಲದ ಬಾವಿ ತೋರಿಸಿ, 'ಎಲ್ಲಾ ಚಾಲುಕ್ಯರ ಕಾಲದ್ದು' ಅನ್ನುತ್ತೇನೆ. ಯಾವ ಚಾಲುಕ್ಯರು ಎಂದು ಯಾರೂ ಕೇಳಿಲ್ಲ, ನನ್ನ ಪುಣ್ಯ. ಆಮೇಲೆ ಊರಿನ ಸೌಕರ್ಯಗಳು: ಶುದ್ಧ ನೀರಿನ ಘಟಕ, ಅದಕ್ಕೆ ಜಡಿದ ಕೀಲಿ, ಬಸ್ ನಿಲ್ದಾಣ, ಅದರೊಳಗೆ ಕಟ್ಟಿದ ಎಮ್ಮೆ. ಎಮ್ಮೆಯ ದೆಸೆಯಿಂದ ಬಸ್ಸಿಗೆ ಕಾಯುವವರಿಗೆಲ್ಲ ಎದುರಿನ ಬೇವಿನ ಕಟ್ಟೆಯೇ ನೆರಳು.

ಎಲ್ಲರಿಗೂ ಎಂದೆನಲ್ಲ, ಅದು ಸುಳ್ಳು. ಕಟ್ಟೆಯ ಮೇಲೆ ಗಂಡಸರು ಕೂಡುತ್ತಿದ್ದರು, ಹೆಂಗಸರು ಬಿಸಿಲಲ್ಲಿ ನಿಲ್ಲುತ್ತಿದ್ದರು. ಹೀಗೆಂದು ಯಾರೂ ಬೋರ್ಡು ಹಾಕಿರಲಿಲ್ಲ. ಕಟ್ಟೆಯ ನಡುವೆ ಒಂದು ನುಣುಪಾದ ಹಾಸುಗಲ್ಲು, ಬೇಸಿಗೆಯಲ್ಲೂ ತಣ್ಣಗೆ. ಅದು ನನ್ನ ಜಾಗ. ನನ್ನ ಹೆಂಡತಿ ಶಾಂತವ್ವನಿಗೆ ಮೊಣಕಾಲು ನೋವು. ರೋಣದ ದವಾಖಾನೆಗೆ ಹೊರಟಾಗಲೆಲ್ಲ ತಲೆ ಮೇಲೆ ಸೆರಗು ಹೊದ್ದು ರಸ್ತೆಯಂಚಿಗೆ ನಿಂತಿರುತ್ತಿದ್ದಳು. ನಾನು ಕಲ್ಲಿನ ಮೇಲಿಂದಲೇ, 'ಈಗ ಬರತೈತಿ, ತಡಿ' ಎಂದು ಧೈರ್ಯ ಹೇಳುತ್ತಿದ್ದೆ.

ಒಮ್ಮೆ ಕೇಳಿದಳು: 'ಒಂದೀಟು ಕುಂದ್ರಲೇನ್ರಿ?'

'ನಾಕ್ ಮಂದಿ ನೋಡಿದ್ರ ಏನಂದಾರು?' ಎಂದೆ. ಆ ನಾಲ್ಕು ಮಂದಿ ಕಟ್ಟೆಯ ಮೇಲೆ ಕುಳಿತಿದ್ದ ನಾವೇ.

ಹೋದ ತಿಂಗಳು ನಳದ ಪೈಪು ಹಾಕುವವರು ಬಂದು ಕಟ್ಟೆ ಬಿಚ್ಚಿದರು. ಹಾರೆ ಕೊಟ್ಟು ನನ್ನ ಕಲ್ಲನ್ನು ಮಗುಚಿದರು. ಅಡಿಯಲ್ಲಿ, ಮಣ್ಣು ಮೆತ್ತಿಕೊಂಡು, ಮೇಲೆತ್ತಿದ ಒಂದು ಹೆಣ್ಣಿನ ಕೈ. ಕೈತುಂಬ ಬಳೆ. ಅದು ಮಾಸ್ತಿಕಲ್ಲು, ಗಂಡನ ಚಿತೆಯಲ್ಲಿ ಬೆಂದವಳ ನೆನಪಿಗೆ ನೆಟ್ಟದ್ದು. ಯಾವ ಹಿರಿಯರೋ ಅದನ್ನು ಬೋರಲು ಹಾಕಿ, ಕೂಡಲು ಬೆನ್ನು ಚಲೋ ಇದೆ ಎಂದುಕೊಂಡಿರಬೇಕು. ಒಬ್ಬಳನ್ನು ಸುಟ್ಟದ್ದು ಸಾಲದೆ, ಅವಳ ಕಲ್ಲನ್ನೂ ಮಕಾಡೆ ಕೆಡವಿ, ಅದರ ಮೇಲೆ ಕುಳಿತು ನಾನು ನೆಂಟರಿಗೆ ಇತಿಹಾಸ ಹೇಳುತ್ತಿದ್ದೆ!

ಕಟ್ಟೆಯ ಗೆಳೆಯ ಹುಸೇನಸಾಬ ಬಿಡಲಿಲ್ಲ: 'ಊರಾಗಿನ ಹಳೇ ಕಲ್ಲೆಲ್ಲಾ ತೋರಸ್ತಿದ್ದೆಲ್ಲೋ ಮಾರಾಯಾ, ನಿನ್ನ ಕುಂಡಿ ಬುಡಕಿಂದೊಂದು ಬಿಟ್ಟಿದ್ದಿ ನೋಡು!'

ನಗಲು ನೋಡಿದೆ, ಆಗಲಿಲ್ಲ.

ಕಲ್ಲನ್ನು ತೊಳೆದು ಬೇವಿನ ಬುಡಕ್ಕೆ ನಿಲ್ಲಿಸಿ, ಕಟ್ಟೆ ಮತ್ತೆ ಕಟ್ಟಿದೆವು. ಹೆಂಗಸರು ಕುಂಕುಮ ಹಚ್ಚಲು ಬಂದರು, ಹಚ್ಚಿ ಅಲ್ಲೇ ಕುಳಿತರು. ಮಾಸ್ತೆವ್ವನ ಮುಂದೆ ಕುಳಿತವರನ್ನು ಏಳಿಸುವ ಧೈರ್ಯ ಯಾವ ಗಂಡಸಿಗೂ ಇಲ್ಲ. ಜೀವ ಇರುವ ಹೆಂಗಸು ಬಾಯಿಬಿಟ್ಟು ಕೇಳಿದಾಗ ಕೊಡದ ಜಾಗವನ್ನು ಕಲ್ಲಿನ ಕೈಗೆ ಹೆದರಿ ಕೊಟ್ಟೆವಲ್ಲ ಎಂಬ ನಾಚಿಕೆ ನನಗಿನ್ನೂ ಹೋಗಿಲ್ಲ.

ಮೊನ್ನೆ ಕಟ್ಟೆ ತುಂಬ ಹೆಂಗಸರು, ಅವರ ನಡುವೆ ಶಾಂತವ್ವ ಕಾಲು ಚಾಚಿ ಕುಳಿತಿದ್ದಳು. ನಾನು ರಸ್ತೆಯಂಚಿಗೆ ನಿಂತಿದ್ದೆ. ನೆತ್ತಿ ಕಾದು, ಕಾಲು ಸೋತು, ಆಕೆಯತ್ತ ನೋಡಿದೆ. ಆಕೆಯೂ ನನ್ನನ್ನು ನೋಡಿದಳು.

'ಈಗ ಬರತೈತಿ, ತಡೀರಿ' ಎಂದಳು.

ನಮ್ಮೂರ ಬಸ್ಸು ಎಷ್ಟು ತಡವಾಗಿ ಬರುತ್ತದೆಂದು ನನಗೆ ತಿಳಿದದ್ದು ಅವತ್ತೇ.